ಅರಳಗುಪ್ಪೆಯ ಛಾವಣಿ

ಮನೆಮಂದಿಯೆಲ್ಲ ಸೇರಿ ಅವಸರವಿಲ್ಲದೆ ಒಂದು ದಿನ ಕಳೆಯಲು ನನ್ನ ಮಟ್ಟಿಗೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯೇ ಸರಿ. ಬೆಂಗಳೂರು–ಅರಸೀಕೆರೆ ಹಳಿಯ ಮೇಲೆ ಅದಕ್ಕೊಂದು ರೈಲು ನಿಲ್ದಾಣವೂ ಇದೆ. ಸುತ್ತ ತೆಂಗಿನ ತೋಟ, ಬಿಸಿಲಿನ ಭಯವಿಲ್ಲ.

ಅಲ್ಲಿನ ಕಲ್ಲೇಶ್ವರ ಗುಡಿ 9ನೆಯ ಶತಮಾನದ್ದು, ನೊಳಂಬ ಶೈಲಿಯದು. ಹೊರಗಿನಿಂದ ನೋಡಿದರೆ ಸಪ್ಪೆ. ಒಳಗೆ ಹೋಗಿ ಕತ್ತೆತ್ತಬೇಕು. ನಡುವೆ ಕುಣಿಯುವ ಶಿವ, ಸುತ್ತ ವಾಹನವೇರಿದ ಎಂಟು ದಿಕ್ಪಾಲಕರು. ತಲೆಯ ಮೇಲಿರುವುದು ಕಲ್ಲೆಂಬುದೇ ಮರೆತುಹೋಗುತ್ತದೆ, ಅಷ್ಟು ಹಗುರ ಆ ಮೈಗಳ ಬಳುಕು! ಮಕ್ಕಳಿಗೆ ವಾಹನ ಹುಡುಕುವ ಆಟ ಹಚ್ಚಿಬಿಡಿ: ಆನೆ ಇಂದ್ರನದು, ಟಗರು ಅಗ್ನಿಯದು, ಕೋಣ ಯಮನದು, ಮೊಸಳೆ ವರುಣನದು. ಕತ್ತು ನೋಯುವ ಅಜ್ಜಿಯರು ಕಂಬಕ್ಕೊರಗಿ ಕೂತೇ ನೋಡಲಿ. ಶಿವನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅದೇ ಊರಿನ ಚೆನ್ನಕೇಶವ ಗುಡಿ 13ನೆಯ ಶತಮಾನದ ಹೊಯ್ಸಳ ಕೆಲಸ. ನಕ್ಷತ್ರದ ತಳವಿನ್ಯಾಸ, ಗೋಡೆ ತುಂಬ ಕಿಕ್ಕಿರಿದ ಒಡವೆ-ವಸ್ತ್ರದ ದೇವರುಗಳು. ಚೆಲುವೇ ಹೌದು. ಆದರೆ ನನ್ನ ಒಲವು ಒಡವೆ ಕಡಿಮೆಯಿರುವ ಹಳಬನ ಕಡೆಗೇ.

ಮಧ್ಯಾಹ್ನಕ್ಕೆ ಬುತ್ತಿ, ಎಳನೀರು. ಹೊತ್ತು ಉಳಿದರೆ ತುರುವೇಕೆರೆಯ ಮೂಲೆ ಶಂಕರೇಶ್ವರನನ್ನೂ ನೋಡಬಹುದು. ಉಳಿಯದಿದ್ದರೆ ಅವನು ಇನ್ನೊಂದು ಭಾನುವಾರಕ್ಕೆ.