ಆಕರಗ್ರಂಥದ ಪುನರುಲ್ಲೇಖ: ಗುಣವೋ ದೋಷವೋ?

ಸಂಶೋಧನಪ್ರಬಂಧಗಳನ್ನು ಪರಿಶೀಲಿಸುವ ವಿದ್ವಾಂಸರು ಆಗಾಗ ಎತ್ತುವ ಆಕ್ಷೇಪವೊಂದುಂಟು: ಲೇಖಕರು ಒಂದೇ ಗ್ರಂಥವನ್ನು ಮತ್ತೆ ಮತ್ತೆ ಹೆಸರಿಸಿದ್ದಾರೆ, ಆದುದರಿಂದ ಇವರ ವ್ಯಾಸಂಗವು ಸಂಕುಚಿತವಾದುದು ಎಂಬುದು. ಈ ಮಾತಿಗೆ ಅಂಜಿದ ವಿದ್ಯಾರ್ಥಿಗಳು ಅಡಿಟಿಪ್ಪಣಿಗಳಲ್ಲಿ ಹೊಸ ಹೊಸ ಹೆಸರುಗಳನ್ನು ತುಂಬುವುದಕ್ಕೆ ತೊಡಗುತ್ತಾರೆ. ಹೆಸರುಗಳು ಹೆಚ್ಚುತ್ತವೆ, ಪ್ರಮಾಣವು ಹೆಚ್ಚುವುದಿಲ್ಲ. ಒಂದೇ ಆಕರವನ್ನು ಹತ್ತು ಸಲ ಹೆಸರಿಸುವುದು ನಿಜವಾಗಿಯೂ ದೋಷವೆ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ನಮ್ಮ ಶಾಸ್ತ್ರಕಾರರು ಈ ವಿಷಯದಲ್ಲಿ ಒಂದು ಸೂಕ್ಷ್ಮವಾದ ಭೇದವನ್ನು ತೋರಿಸಿಕೊಟ್ಟಿದ್ದಾರೆ. ಗೌತಮನ ನ್ಯಾಯಸೂತ್ರಗಳಲ್ಲಿ ವಾದಿಯ ಸೋಲಿಗೆ ಕಾರಣವಾಗುವ ನಿಗ್ರಹಸ್ಥಾನಗಳನ್ನು ಎಣಿಸುವಾಗ ಪುನರುಕ್ತವೂ ಒಂದಾಗಿ ಬಂದಿದೆ. ಆದರೆ ಅನುವಾದವನ್ನು, ಎಂದರೆ ಪ್ರಯೋಜನವಿದ್ದು ಮತ್ತೊಮ್ಮೆ ಹೇಳುವುದನ್ನು, ಆ ದೋಷದಿಂದ ಹೊರಗಿಟ್ಟಿದೆ. ಆದಕಾರಣ ಎಷ್ಟು ಸಲ ಹೇಳಿದರೆಂಬುದು ಮುಖ್ಯವಲ್ಲ. ಏತಕ್ಕಾಗಿ ಹೇಳಿದರೆಂಬುದೇ ಮುಖ್ಯವು.

ಮಲ್ಲಿನಾಥಸೂರಿಯ ವ್ಯಾಖ್ಯಾನಗಳೇ ಇದಕ್ಕೆ ನಿದರ್ಶನ. ಆಧಾರವಿಲ್ಲದ ಮಾತನ್ನೂ ಅನಪೇಕ್ಷಿತವಾದ ಮಾತನ್ನೂ ದೂರವಿಡುವುದಾಗಿ ಪ್ರತಿಜ್ಞೆ ಮಾಡಿ ಹೊರಟ ಆ ಮಹನೀಯನು ರಘುವಂಶ ಕುಮಾರಸಂಭವಗಳ ವ್ಯಾಖ್ಯಾನದಲ್ಲಿ 'ಇತ್ಯಮರಃ' ಎಂದು ಎಷ್ಟು ಸಲ ಬರೆದಿದ್ದಾನೆಂಬುದನ್ನು ಓದಿದವರೆಲ್ಲರೂ ಬಲ್ಲರು. ಇದನ್ನು ಬೇಸರದ ಪುನರುಕ್ತಿಯೆಂದು ಯಾರೂ ಹಳಿದಿಲ್ಲ. ಏತಕ್ಕೆಂದರೆ, ಗ್ರಂಥವು ಒಂದೇ ಆದರೂ ಪ್ರತಿಯೊಂದು ಸಲವೂ ಅದು ಬೇರೊಂದು ಪದದ ಅರ್ಥಕ್ಕೆ ಸಾಕ್ಷಿಯಾಗಿ ನಿಂತಿದೆ. ಅಮರಕೋಶವು ಸಾಲದೆಡೆಯಲ್ಲಿ ವಿಶ್ವಕೋಶವನ್ನೋ ಯಾದವನ ಕೋಶವನ್ನೋ ಆತನು ಕರೆಯುತ್ತಾನೆ. ಅದು ಅರ್ಥನಿರ್ಣಯಕ್ಕಾಗಿಯೇ ಹೊರತು ಬಹುಶ್ರುತನೆನಿಸಿಕೊಳ್ಳುವುದಕ್ಕಾಗಿ ಅಲ್ಲ.

ಇನ್ನು ಕನ್ನಡದ ವಿಷಯಕ್ಕೆ ಬರೋಣ. ಪಂಪನಿಗೆ ಹಿಂದಿನ ಗದ್ಯಕಾರರಾದ ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರ ಹೆಸರುಗಳನ್ನು ನಮಗೆ ಉಳಿಸಿಕೊಟ್ಟಿರುವುದು 9ನೆಯ ಶತಮಾನದ ಕವಿರಾಜಮಾರ್ಗ. ಅವರ ಕನ್ನಡ ಗದ್ಯಕೃತಿಗಳು ನಮಗೆ ದೊರೆತಿಲ್ಲ. ಅವರನ್ನು ಕುರಿತು ಬರೆಯುವವನಿಗೆ ಈ ಗ್ರಂಥವನ್ನು ಅಡಿಗಡಿಗೆ ಹೆಸರಿಸದೆ ಗತ್ಯಂತರವಿಲ್ಲ. ಇಲ್ಲಿಯೇ ನಿಜವಾದ ದೋಷವು ಒಳಸೇರುವುದು. ಮೊದಲನೆಯ ಟಿಪ್ಪಣಿಯಲ್ಲಿ ಕವಿರಾಜಮಾರ್ಗ, ಎರಡನೆಯದರಲ್ಲಿ ರಾ. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆ, ಮೂರನೆಯದರಲ್ಲಿ ಈಚಿನದೊಂದು ಸಾಹಿತ್ಯಚರಿತ್ರೆ ಎಂದು ಲೇಖಕನು ಬರೆಯುತ್ತಾನೆ. ಸಾಕ್ಷಿಗಳು ಮೂವರೆಂದು ವಾಚಕನು ತಿಳಿಯುತ್ತಾನೆ. ಆದರೆ 1907ರಲ್ಲಿ ಹೊರಬಂದ ಕವಿಚರಿತೆಯ ಮೊದಲನೆಯ ಸಂಪುಟಕ್ಕೆ ಈ ಅಂಶದಲ್ಲಿ ಆಧಾರವಾದುದು ಕವಿರಾಜಮಾರ್ಗವೇ. ಈಚಿನ ಚರಿತ್ರೆಗಳಿಗೂ ಕೊನೆಗೆ ಅದೇ ಗತಿ. ಒಂದೇ ದೀಪವನ್ನು ಮೂರು ಕನ್ನಡಿಗಳಲ್ಲಿ ಕಂಡು ದೀಪಗಳು ಮೂರೆಂದಂತಾಯಿತು. ದುರ್ವಿನೀತನ ವಿಷಯದಲ್ಲಂತೂ ಹೆಚ್ಚಿನ ಎಚ್ಚರವು ಬೇಕು. ಗಂಗರ ತಾಮ್ರಶಾಸನಗಳು ಆ ಹೆಸರಿನ ಅರಸನನ್ನು ಶಬ್ದಾವತಾರಕಾರನೆಂದೂ ಕಿರಾತಾರ್ಜುನೀಯದ 15ನೆಯ ಸರ್ಗಕ್ಕೆ ಟೀಕೆ ಬರೆದವನೆಂದೂ ಹೊಗಳುತ್ತವೆ. ಅವನೇ ಕವಿರಾಜಮಾರ್ಗದ ಗದ್ಯಕಾರನೆಂಬುದು ವಿದ್ವಾಂಸರ ಊಹೆ. ಊಹೆಯನ್ನು ಹತ್ತು ಗ್ರಂಥಗಳು ಪುನರುಚ್ಚರಿಸಿದ ಮಾತ್ರಕ್ಕೆ ಅದು ಸಿದ್ಧಾಂತವಾಗಲಾರದು.

ಹಾಗಾದರೆ ಒಂದೇ ಗ್ರಂಥವನ್ನು ನೆಚ್ಚುವುದು ಎಂದೂ ದೋಷವಲ್ಲವೆ ಎಂದು ಕೇಳಬಹುದು. ಬೇರೆ ಸಾಕ್ಷಿಯಿದ್ದೂ ಅದನ್ನು ಕೇಳದಿದ್ದರೆ ನಿಸ್ಸಂದೇಹವಾಗಿ ದೋಷವೇ. ಪಂಪನ ಜೀವನವನ್ನು ಕುರಿತು ಬರೆಯುವವನು ವಿಕ್ರಮಾರ್ಜುನವಿಜಯವನ್ನೇ ಇಪ್ಪತ್ತು ಸಲ ಹೆಸರಿಸಿ, ಕವಿಯ ತಮ್ಮನಾದ ಜಿನವಲ್ಲಭನು ಹಾಕಿಸಿದ ಕುರಿಕ್ಯಾಲದ ಶಾಸನವನ್ನು ಒಂದು ಸಲವೂ ನೋಡದಿದ್ದರೆ, ಪರೀಕ್ಷಕರ ಆಕ್ಷೇಪವು ನ್ಯಾಯವಾದುದೇ. ಅಲ್ಲಿ ದೋಷವು ಇಪ್ಪತ್ತು ಉಲ್ಲೇಖಗಳಲ್ಲಿಲ್ಲ. ಬಿಟ್ಟುಹೋದ ಆ ಒಂದರಲ್ಲಿದೆ.

ಉಲ್ಲೇಖಿಸುವ ಕ್ರಮದಲ್ಲಿಯೂ ವಿವೇಕವು ಅವಶ್ಯಕ. ಮೊದಲ ಸಲ ಗ್ರಂಥ, ಕರ್ತೃ, ಸಂಪಾದಕ, ಮುದ್ರಣವರ್ಷ ಎಲ್ಲವನ್ನೂ ಪೂರ್ಣವಾಗಿ ಕೊಡತಕ್ಕುದು, ಕವಿರಾಜಮಾರ್ಗವಾದರೆ ಕೆ. ಬಿ. ಪಾಠಕರು 1898ರಲ್ಲಿ ಪ್ರಕಟಿಸಿದ ಮುದ್ರಣವೋ ಅನಂತರದ ಬೇರೊಂದೋ ಎಂಬುದು ತಿಳಿಯಬೇಕು. ಆಮೇಲೆ ಕರ್ತೃವಿನ ಹೆಸರು ಅಥವಾ ಗ್ರಂಥದ ಕಿರುಹೆಸರು, ಅದರೊಡನೆ ಪುಟ ಅಥವಾ ಪದ್ಯದ ಸಂಖ್ಯೆ, ಇಷ್ಟೇ ಸಾಕು. 'ತತ್ರೈವ' ಎಂದಷ್ಟೇ ಬರೆಯುವ ರೂಢಿಯಲ್ಲಿ ಅಪಾಯವುಂಟು. ತಿದ್ದುವಾಗ ನಡುವೆ ಹೊಸದೊಂದು ಟಿಪ್ಪಣಿ ಸೇರಿತೆಂದರೆ 'ತತ್ರೈವ'ವು ಬೇರೆ ಗ್ರಂಥವನ್ನೇ ತೋರಿಸತೊಡಗುತ್ತದೆ. ಪಾಶ್ಚಾತ್ಯರಲ್ಲಿಯೂ ಇದಕ್ಕೆ ಸಮನಾದ 'ಇಬಿಡ್' ಎಂಬ ಸಂಕೇತವನ್ನು ಬಿಟ್ಟು ಕಿರುಹೆಸರನ್ನೇ ಬಳಸುವುದು ಲೇಸೆಂದು ಶಿಕಾಗೋ ಶೈಲಿಕೈಪಿಡಿಯ 17ನೆಯ ಆವೃತ್ತಿಯು 2017ರಲ್ಲಿ ಸೂಚಿಸಿತು.

ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಆಕರದ ಮಾತು ಎಲ್ಲಿ ಮುಗಿಯಿತು, ಲೇಖಕನ ಮಾತು ಎಲ್ಲಿ ಮೊದಲಾಯಿತು ಎಂಬ ಎಲ್ಲೆಯು ವಾಚಕನಿಗೆ ಕಾಣುತ್ತಿರಬೇಕು. ಒಂದು ಕಂಡಿಕೆಯೆಲ್ಲವೂ ಒಂದೇ ಗ್ರಂಥವನ್ನು ಅನುಸರಿಸಿದ್ದರೆ ಆರಂಭದಲ್ಲಿಯೇ ಕರ್ತೃವನ್ನು ಹೆಸರಿಸಿ, ಕೊನೆಯಲ್ಲಿ ಪುಟಗಳನ್ನು ಸೂಚಿಸಬಹುದು. ನಡುವೆ ಸ್ವಂತದ ಮಾತೊಂದು ಬಂದರೆ ಮತ್ತೆ ಹೆಸರಿಸಲೇಬೇಕು. ಪ್ರಬಂಧವೆಲ್ಲವೂ ಒಂದೇ ಗ್ರಂಥದ ಮೇಲೆ ನಿಂತಿದ್ದರೆ ಪೀಠಿಕೆಯಲ್ಲಿಯೇ ಹಾಗೆಂದು ಹೇಳಿಬಿಡುವುದು ಸತ್ಯಕ್ಕೂ ಸೌಜನ್ಯಕ್ಕೂ ಒಪ್ಪುವ ಮಾರ್ಗ.

ಅಡಿಟಿಪ್ಪಣಿಯೆಂಬುದು ಅಲಂಕಾರವಲ್ಲ, ಋಣಪತ್ರ. ಒಬ್ಬನಿಂದಲೇ ಹತ್ತು ಸಲ ಸಾಲ ತಂದವನು ಹತ್ತು ಸಲವೂ ಅವನ ಹೆಸರನ್ನೇ ಬರೆಯಬೇಕಲ್ಲದೆ, ನೋಡುವುದಕ್ಕೆ ಚೆನ್ನಾಗಿರಲೆಂದು ನೆರೆಹೊರೆಯವರ ಹೆಸರುಗಳನ್ನು ಬರೆಯಲಾಗದು. ಪರೀಕ್ಷಕರಾದರೂ ಹೆಸರುಗಳನ್ನು ಎಣಿಸುವುದನ್ನು ಬಿಟ್ಟು, ಒಂದೊಂದು ಹೆಸರೂ ಯಾವ ಮಾತಿಗೆ ಹೊಣೆಯಾಗಿದೆಯೆಂಬುದನ್ನು ನೋಡತೊಡಗಿದರೆ, ಎಳೆಯ ಲೇಖಕರು ಒಂದೇ ಗ್ರಂಥವನ್ನಾದರೂ ಪೂರ್ಣವಾಗಿ ಓದುವ ಧೈರ್ಯವನ್ನು ತಾಳಿಯಾರು.