ಸಾವಜಿ ರಸ್ಸಾ: ಖಾರವೊಂದೇ ಸಾಕೆ?

ಸಾವಜಿ ಎಂದೊಡನೆ ಹುಬ್ಬಳ್ಳಿ-ಗದಗಿನ ಕಡೆಯವರಿಗೆ ಬಾಯಲ್ಲಿ ನೀರೂರುತ್ತದೆ. ಅಲ್ಲಿಯ ಸಾವಜಿ ಊಟ ಪಟ್ಟೇಗಾರರ ಕೊಡುಗೆ. ನಾಗಪುರದ್ದು ಹಲಬಾ ಕೋಷ್ಟಿಗಳದು. ಎರಡೂ ನೇಕಾರರ ಮನೆಯ ಅಡುಗೆಯೇ. ಆ ಸಲುಗೆಯಿಂದಲೇ ಕಳೆದ ಮೇ ತಿಂಗಳಲ್ಲಿ ನಾವು ಮಿತ್ರರೊಡನೆ, ಮಕ್ಕಳನ್ನೂ ಕರೆದುಕೊಂಡು, ಇಲ್ಲಿಯ ಒಂದು ಖಾನಾವಳಿಗೆ ಹೋಗಿ ಕೋಳಿ ರಸ್ಸಾ ತರಿಸಿದೆವು.

ಮೇಲೆ ತೇಲುವ ಕೆಂಪೆಣ್ಣೆಗೆ ಇಲ್ಲಿ ತರ್ರಿ ಎನ್ನುತ್ತಾರೆ. ಅದೇನೋ ಧಾರಾಳವಾಗಿತ್ತು. ಆದರೆ ಗಸಗಸೆ, ಒಣಕೊಬ್ಬರಿ, ಕಲ್ಲುಹೂವು ಹುರಿದು ಅರೆದ ಮಸಾಲೆಯೇ ಸಾವಜಿಯ ಜೀವ; ಅದರ ಘಮ ತಿಳಿಯುವ ಮೊದಲೇ ಕಣ್ಣಲ್ಲಿ ನೀರು! ಕೋಳಿಯ ರುಚಿಯನ್ನಂತೂ ಹುಡುಕಬೇಕಾಯಿತು. ಬೆವರಿಳಿಸುವುದೇ ಹೆಚ್ಚುಗಾರಿಕೆಯೆಂದು ಬಡಿಸುವವರೂ ಉಣ್ಣುವವರೂ ನಂಬಿದಂತಿದೆ.

ಬೇಸಗೆಯಲ್ಲಿ ಬಿಸಿ ರಸ್ಸಾ ಉಣ್ಣುವುದು ತಪ್ಪಲ್ಲ. ಕೊರಿಯಾದವರು ಕಡುಸೆಕೆಯ ದಿನಗಳಲ್ಲೇ ಸಮ್‌ಗ್ಯೇತಾಂಗ್ ಎಂಬ ಕೋಳಿಸಾರು ಉಣ್ಣುತ್ತಾರೆ: ಎಳೆಕೋಳಿಯ ಹೊಟ್ಟೆಯೊಳಗೆ ಅಂಟಕ್ಕಿ, ಬೆಳ್ಳುಳ್ಳಿ, ಜಿನ್‌ಸೆಂಗ್ ಬೇರು. ಖಾರವಿಲ್ಲ, ಉಪ್ಪನ್ನೂ ಉಣ್ಣುವವರೇ ರುಚಿಗೆ ತಕ್ಕಷ್ಟು ಬೆರೆಸಿಕೊಳ್ಳುತ್ತಾರೆ. ಅಷ್ಟು ದೂರವೇಕೆ, ಕೊಲ್ಹಾಪುರದಲ್ಲಿ ಕೆಂಪು ರಸ್ಸಾದ ಪಕ್ಕದಲ್ಲೇ ಬಿಳಿ ರಸ್ಸಾ ಇಡುತ್ತಾರೆ.

ಇಲ್ಲಿಯೂ ತರ್ರಿಯನ್ನು ಬೇರೆ ಬಟ್ಟಲಲ್ಲಿ ಕೊಡಬಾರದೇಕೆ? ಬೇಕಾದವರು ಸುರಿದುಕೊಳ್ಳಲಿ. ಸಾವಜಿ ಎಂದರೆ ಬರೀ ಮೆಣಸಿನಕಾಯಿ ಎಂದುಕೊಂಡು, ನಮ್ಮ ಮಕ್ಕಳು ಅಂದು ಭಾಕರಿಗೆ ಮೊಸರು ಹಚ್ಚಿಕೊಂಡೇ ಎದ್ದರು.