‘ಸೂಸ’ ಎಂಬ ಕುಲನಾಮ: ಪೆಟ್ಟಿಗೆಯ ಕಥೆ ಮತ್ತು ಧ್ವನಿನಿಯಮ

ಅಮೆರಿಕದ ವಾದ್ಯವೃಂದ ನಾಯಕ ಜಾನ್ ಫಿಲಿಪ್ ಸೂಸ (1854–1932) ಅವರ ಕುಲನಾಮವನ್ನು ಕುರಿತು ಒಂದು ಕಥೆ ಪ್ರಚಲಿತವಾಗಿದೆ. ವಲಸೆ ಬಂದವನೊಬ್ಬನ ಪೆಟ್ಟಿಗೆಯ ಮೇಲೆ ಅವನ ಹೆಸರಿನ ಮೊದಲಕ್ಷರಗಳಾದ ‘ಎಸ್. ಒ.’ ಮತ್ತು ಸೇರಬೇಕಾದ ದೇಶವನ್ನು ಸೂಚಿಸುವ ‘ಯು. ಎಸ್. ಎ.’ ಇದ್ದವಂತೆ, ಐದೂ ಕೂಡಿ ಹೆಸರಾಯಿತಂತೆ. ಆ ವಲಸಿಗ ಒಂದು ಪಾಠದಲ್ಲಿ ಜರ್ಮನ್, ಇನ್ನೊಂದರಲ್ಲಿ ಗ್ರೀಕ್, ಮತ್ತೊಂದರಲ್ಲಿ ಇಂಗ್ಲಿಷ್! ಇದು ತಮ್ಮ ಪ್ರಚಾರಾಧಿಕಾರಿಯ ಸೃಷ್ಟಿಯೆಂದು ಸ್ವತಃ ಸೂಸ ಅವರೇ ಹೇಳಿದ್ದರು. ಅವರು ಹುಟ್ಟಿದ್ದು ವಾಷಿಂಗ್ಟನ್‌ನಲ್ಲಿ. ತಂದೆ ಪೋರ್ಚುಗೀಸ್ ಮೂಲದವರು. ಅಮೆರಿಕ ಸಂಯುಕ್ತ ಸಂಸ್ಥಾನ ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಹಿಂದೆ, 1542ರಿಂದ 1545ರವರೆಗೆ, ಪೋರ್ಚುಗೀಸ್ ಭಾರತದ ಗವರ್ನರ್ ಆಗಿದ್ದವರು ಮಾರ್ತಿಂ ಅಫೊನ್ಸೊ ದ ಸೋಜ.

ಈ ಕಥೆಯನ್ನು ತಳ್ಳಿಹಾಕುವವರು ಅದರ ಜಾಗದಲ್ಲಿ ಮುಂದಿಡುವ ನಿಷ್ಪತ್ತಿಯೂ ಪರೀಕ್ಷೆಗೆ ನಿಲ್ಲುವುದಿಲ್ಲ. ಈ ಕುಲನಾಮ ಉತ್ತರ ಪೋರ್ಚುಗಲ್‌ನಲ್ಲಿ ಹರಿದು ದೋರು ನದಿಯನ್ನು ಸೇರುವ ಉಪನದಿಯ ಹೆಸರು ಎಂಬಲ್ಲಿಯವರೆಗೆ ತಕರಾರಿಲ್ಲ. ಆದರೆ ಆ ನದಿಯ ಹೆಸರನ್ನು ‘ಬಂಡೆಗಳು’ ಎಂಬರ್ಥದ ಲ್ಯಾಟಿನ್ ‘ಸಕ್ಸ’ದಿಂದ ಸಾಧಿಸುವುದು ಧ್ವನಿನಿಯಮಕ್ಕೆ ವಿರುದ್ಧ. ಲ್ಯಾಟಿನ್ನಿನ ‘ಕ್ಸ’ ಪೋರ್ಚುಗೀಸಿನಲ್ಲಿ ‘ಯ್ಶ’ ಆಗುತ್ತದೆ: ಸಕ್ಸುಮ್ > ಸೆಯ್ಶು (ಕಲ್ಲು), ಅಕ್ಸಿಸ್ > ಎಯ್ಶು (ಅಚ್ಚು). ‘ಸಕ್ಸ’ದಿಂದ ಬರಬೇಕಾದದ್ದು ‘ಸೆಯ್ಶ’. ನಮ್ಮ ಹೆಸರಿನ ಬರಹದಲ್ಲಿರುವ ಸಂಧ್ಯಕ್ಷರ ಸಾಮಾನ್ಯವಾಗಿ ಹಳೆಯ ‘ಔ’ದಿಂದ ಬರುತ್ತದೆ. ಲ್ಯಾಟಿನ್ ‘ಕೌಸ’ ಹಳೆಯ ಪೋರ್ಚುಗೀಸಿನಲ್ಲಿ ‘ಕೋವ್‌ಜ’ ಆದಂತೆ, ಇಲ್ಲಿ ಊಹಿಸಬಹುದಾದ ಪೂರ್ವರೂಪ ‘ಸೌಸ’. ಅದರ ಅರ್ಥ ಏನೇ ಇರಲಿ, ಬಂಡೆಯಂತೂ ಅಲ್ಲ.

ಪೆಟ್ಟಿಗೆಯ ಕಥೆ ಅಕ್ಷರಗಳನ್ನು ವಿವರಿಸಲು ಹೊರಟಿತು. ವಿವರಣೆ ಬೇಕಿದ್ದದ್ದು ಸ್ವರಕ್ಕೆ. ಪೆರೇರ ‘ಪೆರಿ’ಯಾಗಿ, ಒಲಿವೇರ ‘ಆಲಿವರ್’ ಆಗಿ ಬರಹದಲ್ಲೇ ರೂಪ ಬದಲಿಸಿದ ಅಮೆರಿಕದಲ್ಲಿ ಈ ಹೆಸರಿನ ಒಂದಕ್ಷರವೂ ಕದಲಲಿಲ್ಲ. ಕದಲಿದ್ದು ಓದು. ಇಂಗ್ಲಿಷ್ ಓದುಗರು ಆ ಸಂಧ್ಯಕ್ಷರವನ್ನು ತಮ್ಮ ರೂಢಿಯಂತೆ ‘ಊ’ ಎಂದುಚ್ಚರಿಸಿದರು. ಇಂದಿನ ಪ್ರಮಾಣ ಪೋರ್ಚುಗೀಸಿನಲ್ಲಿ ಅದು ‘ಓ’. ನಡುವಿನ ವ್ಯಂಜನ ಘೋಷ. ಇವೆರಡನ್ನೂ ಬಲ್ಲ ಇನ್ನೊಂದು ಲಿಪಿರೂಪ ಕನ್ನಡದಲ್ಲೇ ಇದೆ: ಮಂಗಳೂರಿನ ಕ್ರೈಸ್ತರು ಬರೆಯುವ ‘ಡಿಸೋಜ’. ಮೊದಲಿನ ‘ಡಿ’ ಸಂಬಂಧಸೂಚಕ ‘ದ’ದ ಅವಶೇಷ, ಅಮೆರಿಕದ ಸೂಸ ಅದನ್ನೂ ಕಳೆದುಕೊಂಡಿದೆ.